ಹುಳ ಎದ್ದ ಹೊತ್ತು

ಮೇ ತಿಂಗಳು ಬಂತೆಂದರೆ ನಾನು ಮನುಷ್ಯರ ಜೊತೆ ನೆಟ್ಟಗೆ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಇದು ನನ್ನ ಗಂಡ ಓಂಕಾರೇಶ್ ಹೇಳುವ ಮಾತು, ನಾನೂ ಒಪ್ಪಿಕೊಂಡಿದ್ದೇನೆ. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದು ಬಾಗಿಲಿಗೆ ಹೋಗಿ ಮೋಡ ನೋಡುತ್ತೇನೆ. ಹಾಲು ಒಲೆಯ ಮೇಲಿಟ್ಟು ಮೊಬೈಲಿನಲ್ಲಿ ಮಳೆಯ ನಕ್ಷೆ ತೆರೆಯುತ್ತೇನೆ, ಹಾಲು ಉಕ್ಕುತ್ತದೆ. ನಕ್ಷೆಯಲ್ಲಿ ಎಲ್ಲಾದರೂ ಹಸಿರು ಚುಕ್ಕೆ ಕಂಡರೆ ಸ್ಕೂಟರ್ ಕೀ ಕೈಗೆ ಬರುತ್ತದೆ. ಚುಕ್ಕೆ ಮಾಯವಾದರೆ ಅದೇ ಕೀ ಮಂಚದ ಮೇಲೆ ಬೀಳುತ್ತದೆ. "ನಿನ್ ಕಾಲಿಗೆ ಚಕ್ರ ಕಟ್ಟಿದಾರೆ ಕಣೇ, ಬ್ರೇಕ್ ಹಾಕೋದು ಮರ್ತಿದಾರೆ" ಎನ್ನುತ್ತಾರೆ ಓಂಕಾರೇಶ್. ನಾನು ಉತ್ತರ ಕೊಡುವಷ್ಟರಲ್ಲಿ ತಮ್ಮ ಕೊಬ್ಬರಿ ಅಂಗಡಿಗೆ ಹೊರಟಿರುತ್ತಾರೆ, ಜಾಣರು.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ಹೆಸರು ಕೋಮಲಾ. ಹೆಸರಿಗೂ ಮನುಷ್ಯಳಿಗೂ ಯಾವ ಸಂಬಂಧವೂ ಇಲ್ಲ ಎಂದು ಹಿಂದಿನ ಬೆಂಚಿನ ಹುಡುಗರು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ನಲವತ್ತು ದಾಟಿದ ಮೇಲೆ ನನಗೆ ಪಿಎಚ್‌ಡಿಯ ಹುಚ್ಚು ಹಿಡಿಯಿತು. ವಿಷಯ ಗೆದ್ದಲು. ಮೊದಲ ಮಳೆ ಬಿದ್ದ ಸಂಜೆ ಹುತ್ತಗಳಿಂದ ರೆಕ್ಕೆ ಬಂದ ಗೆದ್ದಲುಗಳು ಹೊಗೆಯಂತೆ ಎದ್ದು ಬೀದಿದೀಪಕ್ಕೆ ಮುತ್ತುತ್ತವಲ್ಲ, ನಮ್ಮ ಕಡೆ ಈಸಲು ಹುಳ ಎನ್ನುತ್ತಾರಲ್ಲ, ಅವೇ. ಮಳೆ ಶುರುವಾದ ಮೇಲೆ ಎಷ್ಟು ಹೊತ್ತಿಗೆ ಅವು ಏಳುತ್ತವೆ ಎಂಬುದೇ ನನ್ನ ಪ್ರಶ್ನೆ. ಮಳೆ ಧಾರಾಳವಾಗಿ ಬೀಳುವ ಕಡೆಯ ಹುತ್ತ ಅವಸರ ಮಾಡುವುದಿಲ್ಲ, ಮಳೆ ಅಪರೂಪವಾದ ಕಡೆಯ ಹುತ್ತ ಮೊದಲ ಹನಿಗೇ ಬಾಗಿಲು ತೆರೆಯುತ್ತದೆ ಎಂದು ನನ್ನ ಊಹೆ. ಅದನ್ನು ತೋರಿಸಲು ಮೂರು ಹುತ್ತ ಆರಿಸಿಕೊಂಡಿದ್ದೆ. ತರೀಕೆರೆ ತಾಲ್ಲೂಕಿನಲ್ಲಿ ಹೆಬ್ಬೆ ಗುಡ್ಡದ ತಪ್ಪಲಲ್ಲಿ ಒಂದು, ಅಜ್ಜಂಪುರದ ಕಡೆ ಬುಕ್ಕಾಂಬುಧಿ ಕೆರೆ ಏರಿಯ ಆಚೆ ಒಂದು, ಕಡೂರು ತಾಲ್ಲೂಕಿನ ಒಣ ಮೂಲೆ ಪಂಚನಹಳ್ಳಿಯಲ್ಲಿ ಒಂದು.

ಕಾಗದದ ಮೇಲೆ ಇದು ಎಷ್ಟು ಚೆನ್ನಾಗಿ ಕಾಣುತ್ತದೆ! ಕಾಗದದ ಮೇಲೆ ಮಳೆ ಬರಬೇಕಾದ ದಿನ ಬರುತ್ತದೆ, ನಾನು ಇರಬೇಕಾದ ಕಡೆ ಇರುತ್ತೇನೆ. ನಿಜದಲ್ಲಿ ರಜೆ ಅರ್ಜಿಯಲ್ಲಿ ಕಾರಣ ಏನು ಬರೆಯುವುದು ಎಂಬಲ್ಲಿಂದಲೇ ತಲೆನೋವು. ಮಳೆ ಬರಬಹುದು ಎಂದು ಬರೆದರೆ ಪ್ರಿನ್ಸಿಪಾಲರು ನನ್ನನ್ನು ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಮೊದಲ ವರ್ಷ ನನಗೆ ಚುನಾವಣೆ ಡ್ಯೂಟಿ ಬಿತ್ತು. ಯಾವುದೋ ಊರಿನ ಶಾಲೆಯಲ್ಲಿ ಮತಯಂತ್ರದ ಪಕ್ಕ ಕೂತು ಕಿಟಕಿಯಾಚೆ ಮಳೆ ಜಡಿಯುವುದನ್ನು ನೋಡುತ್ತಿದ್ದೆ. ಅದೇ ಸಂಜೆ ಪಂಚನಹಳ್ಳಿಯ ಹುತ್ತ ಎದ್ದಿತ್ತು. ಎರಡನೇ ವರ್ಷ ನಕ್ಷೆ ತರೀಕೆರೆ ಎಂದಿತು, ನಂಬಿ ಅಲ್ಲಿಗೆ ಓಡಿದೆ. ಮಳೆ ಬಂದದ್ದು ಪಂಚನಹಳ್ಳಿಗೆ. ಕ್ಯಾಮೆರಾ ಇಡಬಾರದಿತ್ತೇ ಎಂದು ಕೇಳಬೇಡಿ. ಒಮ್ಮೆ ಇಟ್ಟಿದ್ದೆ, ಎಮ್ಮೆಯೊಂದು ಬೆನ್ನು ಉಜ್ಜಿ ಕಂಬವನ್ನೇ ಉರುಳಿಸಿತು. ಮತ್ತೊಮ್ಮೆ ಇಟ್ಟೆ, ವೈರನ್ನು ಗೆದ್ದಲೇ ತಿಂದುಬಿಟ್ಟವು. ಆಮೇಲೆ ನಾನೇ ಕೈಮುಗಿದೆ.

ಹೀಗೆ ಹೆಬ್ಬೆಯದೂ ಬುಕ್ಕಾಂಬುಧಿಯದೂ ವರ್ಷ ವರ್ಷದ ಲೆಕ್ಕ ಸಿಕ್ಕಿತ್ತು, ಪಂಚನಹಳ್ಳಿಯದು ಒಂದು ಸಲವೂ ಇಲ್ಲ. ಒಣಸೀಮೆಯ ಲೆಕ್ಕವಿಲ್ಲದ ಪ್ರಬಂಧ ಎರಡೇ ಕಾಲಿನ ಸ್ಟೂಲಿನ ಹಾಗೆ, ಅದರ ಮೇಲೆ ಯಾರೂ ಕೂರುವಂತಿಲ್ಲ. ವಿಶ್ವವಿದ್ಯಾಲಯ ಒಮ್ಮೆ ಅವಧಿ ವಿಸ್ತರಿಸಿತ್ತು. ಇನ್ನೊಮ್ಮೆ ಆಗುವುದಿಲ್ಲ ಎಂದು ನನ್ನ ಮಾರ್ಗದರ್ಶಕರಾದ ರಾಜಶೇಖರ್ ಸರ್ ಖಡಾಖಂಡಿತವಾಗಿ ಹೇಳಿದ್ದರು. ಈ ಬೇಸಿಗೆಯೇ ಕೊನೆ. ಈ ಸಲ ಪಂಚನಹಳ್ಳಿಯ ಹುತ್ತ ಎದ್ದ ಹೊತ್ತು ಸಿಗದಿದ್ದರೆ ನನ್ನ ಇಷ್ಟು ವರ್ಷದ ಓಡಾಟ ನೀರಿನಲ್ಲಿ ಹೋಮ.

ಅದಕ್ಕೇ ಈ ವರ್ಷ ಒಂದೊಂದು ಹುತ್ತಕ್ಕೂ ಕಾಯುವವರನ್ನು ಗೊತ್ತು ಮಾಡಿದೆ. ಹೆಬ್ಬೆ ತಪ್ಪಲಿಗೆ ಅಲ್ಲೇ ಜಮೀನಿರುವ ತೀರ್ಥಪ್ಪ. ಬುಕ್ಕಾಂಬುಧಿಗೆ ನನ್ನ ಹಳೇ ವಿದ್ಯಾರ್ಥಿ ಚಂದ್ರಕುಮಾರ್. ಪಂಚನಹಳ್ಳಿಗೆ ಕರಿಯಣ್ಣ ಮತ್ತು ಅವರ ಹೆಂಡತಿ ಲಿಂಗಮ್ಮ. ಹುತ್ತ ಇದ್ದದ್ದೇ ಅವರ ತೆಂಗಿನ ತೋಟದ ಅಂಚಿನಲ್ಲಿ, ಬೇಲಿಯಾಚೆ. ಇಬ್ಬರಿಗೂ ಅರವತ್ತರ ಮೇಲೆ. ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೊಬೈಲ್ ಚಾರ್ಜಿಗೆ ಹಾಕುವ ಜಾಗ. ಕ್ಯಾಮೆರಾ ಉರುಳಿಸಿದ ಎಮ್ಮೆಯೂ ಅವರದೇ, ಆ ಕಾರಣಕ್ಕೆ ಲಿಂಗಮ್ಮ ನನ್ನನ್ನು ಕಂಡಾಗಲೆಲ್ಲ ಎಮ್ಮೆಗೆ ಒಂದು ಬೈಗುಳ ಕೊಡುತ್ತಿದ್ದರು. ಮಳೆ ಶುರುವಾದ ಹೊತ್ತನ್ನು ತಾನೇ ಗುರುತು ಹಾಕಿಕೊಳ್ಳುವ ಒಂದು ಪುಟ್ಟ ಮಳೆಮಾಪಕವನ್ನು, ಅದೇನೆಂದು ಹೇಳದೆ, ಅವರ ತಾರಸಿಯ ಮೇಲೆ ಕೂರಿಸಿದ್ದೆ. ಹುಳ ಏಳುವುದನ್ನು ಮಾತ್ರ ಮನುಷ್ಯರ ಕಣ್ಣೇ ನೋಡಬೇಕು.

"ಹುಳ ಎದ್ದ ತಕ್ಷಣ ನನಗೆ ಫೋನ್ ಮಾಡ್ಬೇಕು. ಅಷ್ಟೇ" ಎಂದು ಇಬ್ಬರಿಗೂ ಹೇಳಿದ್ದೆ.

"ಈಸಲು ಏನಕ್ಕವ್ವ ನಿಮ್ಗೆ? ನೀವು ತಿನ್ನೋರಲ್ಲ" ಎಂದಿದ್ದರು ಲಿಂಗಮ್ಮ.

"ಓದೋದಕ್ಕೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ನಮ್ಮ ವಿದ್ಯೆಯಲ್ಲಿ ಅದೊಂದು ಶಿಸ್ತು. ಏನನ್ನು ಹುಡುಕುತ್ತಿದ್ದೇವೆಂದು ಕಾಯುವವರಿಗೆ ಗೊತ್ತಾದರೆ ಅವರ ಕಣ್ಣು ಅದನ್ನೇ ಕಾಣುತ್ತದೆ. ಮಳೆ, ಹೊತ್ತು, ನನ್ನ ಊಹೆ ಯಾವುದನ್ನೂ ಬಾಯಿ ಬಿಡದೆ ಹುಳದ ಮಾತು ಮಾತ್ರ ಆಡಿ ಬಂದೆ. ಎಷ್ಟು ಎಚ್ಚರಿಕೆ ನನ್ನದು ಎಂದು ಒಳಗೊಳಗೇ ಬೀಗಿದ್ದೆ ಕೂಡ.

ಅಶ್ವಿನಿ ಮಳೆ ಸುಮ್ಮನೆ ಹೋಯಿತು. ಭರಣಿಯೂ ಗುಡುಗಿ ಗುಡುಗಿ ಹಾಸನದ ಕಡೆ ಹೋಯಿತು. ಹೆಬ್ಬೆ ಕಡೆ ಹನಿ ಬೀಳುತ್ತಿತ್ತು, ನಿಲ್ಲುತ್ತಿತ್ತು. ನಾನು ಕಾಲೇಜು ಮುಗಿಸಿ ಒಂದು ದಿನ ಅಜ್ಜಂಪುರದ ದಾರಿ, ಇನ್ನೊಂದು ದಿನ ಪಂಚನಹಳ್ಳಿಯ ದಾರಿ ಹಿಡಿಯುತ್ತಿದ್ದೆ. ಪಂಚನಹಳ್ಳಿಯಲ್ಲಿ ಹುತ್ತದ ಸುತ್ತ ತಿರುಗಿ, ಮಣ್ಣು ಮುಟ್ಟಿ, ಆಕಾಶ ನೋಡಿ, ಮತ್ತೆ ತಿರುಗುತ್ತಿದ್ದೆ. ಲಿಂಗಮ್ಮ ಕೊಟ್ಟ ಕಾಫಿ ಎರಡು ಗುಟುಕಿಗೇ ಲೋಟದಲ್ಲಿ ಉಳಿಯುತ್ತಿತ್ತು.

"ಕುಂತ್ಕಳ್ರವ್ವ ಒಂದ್ ಗಳಿಗೆ. ನಿಮ್ಮನ್ನ ನೋಡ್ತಿದ್ರೆ ನಂಗೇ ಎದೆ ಹೊಡ್ಕಂತದೆ" ಎಂದರು ಒಂದು ಸಂಜೆ.

"ಹೆಂಗ್ ಕೂತ್ಕೊಳ್ಳಿ ಲಿಂಗಮ್ಮ? ಈ ಸಲನೂ ಈ ಹುತ್ತದಲ್ಲಿ ಹುಳ ಏಳ್ಲಿಲ್ಲ ಅಂದ್ರೆ ನನ್ ಕತೆ ಮುಗೀತು" ಎಂದುಬಿಟ್ಟೆ. ಅಳುವೂ ಬಂತು. ಲಿಂಗಮ್ಮ ಗಂಡನ ಮುಖ ನೋಡಿದರು, ಕರಿಯಣ್ಣ ಹುತ್ತದ ಕಡೆ ನೋಡಿದರು. ಆ ನೋಟಗಳನ್ನು ನಾನು ಆಗ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕೃತ್ತಿಕೆ ಮಳೆ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ ನಕ್ಷೆಯ ಮೇಲೆ ಅಜ್ಜಂಪುರ ಹಸಿರಾಯಿತು, ಹಳದಿಯಾಯಿತು, ಕೆಂಪಾಯಿತು. ಓಡಿದೆ. ಬೀರೂರು ದಾಟುವಾಗಲೇ ಎದುರಿನಿಂದ ಬರುವ ಲಾರಿಗಳೆಲ್ಲ ಒದ್ದೆ. ಬುಕ್ಕಾಂಬುಧಿ ಏರಿಯ ಮೇಲೆ ಚಂದ್ರಕುಮಾರ್ ಛತ್ರಿಯನ್ನು ತನಗೆ ಹಿಡಿಯದೆ ಮೊಬೈಲಿಗೆ ಹಿಡಿದುಕೊಂಡು ನಿಂತಿದ್ದ. ಮಳೆ ನಿಂತು ಸ್ವಲ್ಪ ಹೊತ್ತಿಗೆ ಹುತ್ತದ ಬಾಯಿಗಳು ತೆರೆದವು. ಮೊದಲು ಕಾವಲಿನ ಹುಳಗಳು ಬಂದು ಅಂಚಿನಲ್ಲಿ ಸಾಲು ನಿಂತವು, ಆಮೇಲೆ ರೆಕ್ಕೆಯವು ಒಂದರ ಮೇಲೊಂದು ನುಗ್ಗಿ ಬಂದು ಎದ್ದವು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಆ ಸಡಗರದ ಮಧ್ಯೆಯೇ ಮೊಬೈಲ್ ಹೊಡೆದುಕೊಂಡಿತು.

"ಎದ್ವು ಕಣವ್ವಾ! ಎದ್ವು! ನಿಮ್ ಹುತ್ತದಾಗೆ ಎದ್ವು!" ಲಿಂಗಮ್ಮನ ದನಿ ಕಿವಿ ಸೀಳುವಂತಿತ್ತು. ಹಿಂದೆ ಕರಿಯಣ್ಣ ನಗುವುದು ಕೇಳುತ್ತಿತ್ತು.

ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಚಂದ್ರಕುಮಾರ್ ಹೆದರಿಕೊಂಡು "ಏನಾಯ್ತು ಮೇಡಂ?" ಎಂದ. ನನಗೆ ನಗು, ಅಳು ಎರಡೂ. ರಾಜಶೇಖರ್ ಸರ್‌ಗೆ ಫೋನ್ ಮಾಡಿ ಪಂಚನಹಳ್ಳಿ ಸಿಕ್ಕಿತು ಸರ್ ಎಂದು ಕೂಗಿದೆ. ಅವರೂ ಖುಷಿಯಿಂದ ಕೂಗಿದರು. ಕಡೂರಿಗೆ ಬಂದು, ಅಂಗಡಿ ಬಾಗಿಲು ಹಾಕುತ್ತಿದ್ದವನನ್ನು ತಡೆದು ಮೈಸೂರುಪಾಕು ಕಟ್ಟಿಸಿದೆ. ಓಂಕಾರೇಶ್ ಒಂದು ತುಂಡು ಬಾಯಿಗೆ ಹಾಕಿಕೊಂಡು "ಇನ್ನಾದ್ರೂ ಮನೇಲಿ ಹಾಲು ಉಕ್ಕೋದು ನಿಲ್ತದೆ" ಎಂದರು. ಆ ರಾತ್ರಿ ನಾನು ನಕ್ಷೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಗೊತ್ತಾದದ್ದು ಮರುದಿನ ಬೆಳಿಗ್ಗೆ, ಸಿಂಗಟಗೆರೆ ದಾಟಿದ ಮೇಲೆ. ಮುಂದಿದ್ದ ಬಸ್ಸು ಎಬ್ಬಿಸಿದ ಧೂಳು ಸೀದಾ ನನ್ನ ಬಾಯಿಗೆ ಬಂತು. ಸ್ಕೂಟರ್ ನಿಲ್ಲಿಸಿದೆ. ಮಳೆ ಬಿದ್ದ ಊರಿನಲ್ಲಿ ಮರುದಿನ ಬೆಳಿಗ್ಗೆ ಧೂಳು ಏಳುವುದು ಹೇಗೆ? ಹೊಲಗಳನ್ನು ನೋಡಿದೆ, ಬೆಳ್ಳಗೆ ಬಿರಿದಿದ್ದವು. ಪಂಚನಹಳ್ಳಿ ಮುಟ್ಟಿದವಳೇ ಕರಿಯಣ್ಣನವರ ತಾರಸಿ ಹತ್ತಿ ಮಳೆಮಾಪಕ ನೋಡಿದೆ. ಅದರ ಹೊಟ್ಟೆಯಲ್ಲಿ ಒಂದು ತೆಂಗಿನ ಗರಿಯ ಚೂರು, ಒಂದಿಷ್ಟು ಧೂಳು. ಬೇರೇನೂ ಇಲ್ಲ.

ಕೆಳಗೆ ಇಳಿದಾಗ ಲಿಂಗಮ್ಮ ಮೊರದ ತುಂಬ ಹುರಿದ ಈಸಲನ್ನು ಹಿಡಿದು ನಿಂತಿದ್ದರು, ಹುರಿಗಡಲೆ ಬೆರೆಸಿ. ಅವರ ಮುಖದಲ್ಲಿ ಮದುವೆ ಮನೆಯ ಕಳೆ.

"ಮಳೆ ಬಂದಿಲ್ವಲ್ಲ ಲಿಂಗಮ್ಮ?"

"ಎಲ್ಲಿ ಬಂತವ್ವ ಈ ಮೂಳ ಮಳೆ! ಅದ್ನ ನಂಬ್ಕಂಡಿದ್ರೆ ಆಗ್ತಿತ್ತಾ?"

ಉಳಿದದ್ದನ್ನು ಕರಿಯಣ್ಣ ಹೇಳಿದರು, ಒಂದೊಂದೇ ಸವಿಯುತ್ತ. ಮಳೆ ಬಾರದ ವರ್ಷ ಈಸಲು ತಿನ್ನುವ ಆಸೆಯಾದರೆ ಅವರ ಹಿರಿಯರು ಮಾಡುತ್ತಿದ್ದ ಕೆಲಸವಂತೆ ಅದು. ಬೋರಿನ ನೀರು ಬಂದ ಹೊತ್ತಿಗೆ ಗಂಡ ಹೆಂಡತಿ ಕೊಡ ಕೊಡ ಹೊತ್ತು ಹುತ್ತ ನೆನೆಸಿದ್ದಾರೆ. ಸುರಿಯುವ ಮೊದಲು ಲಿಂಗಮ್ಮ ಹುತ್ತಕ್ಕೆ ಕೈಮುಗಿದಿದ್ದಾರೆ. ಆಮೇಲೆ ಕಂಬಳಿ ಹೊದಿಸಿ ಕತ್ತಲು ಮಾಡಿ, ಪಕ್ಕದಲ್ಲಿ ಕೂತು ಕಲ್ಲಿನ ಮೇಲೆ ಕಲ್ಲು ಕುಟ್ಟಿ ಮಳೆಯ ಸದ್ದು ಮಾಡಿದ್ದಾರೆ. ಸಂಜೆಯ ಹೊತ್ತಿಗೆ ಹುತ್ತ ಮೋಸಹೋಗಿ ಬಾಗಿಲು ತೆರೆದಿದೆ.

"ತೋಳು ಎತ್ತಕ್ಕಾಗ್ತಿಲ್ಲ ಇವತ್ತು. ಆದ್ರೂ ಪರ್ವಾಗಿಲ್ಲ, ನಿಮ್ ಕೆಲ್ಸ ಆಯ್ತಲ್ಲ" ಎಂದರು ಕರಿಯಣ್ಣ.

ನನ್ನ ಮೈಯೆಲ್ಲ ಉರಿಯಿತು. ಆಮೇಲೆ ಬಾಯಿಗೆ ಬಂದದ್ದೆಲ್ಲ ಆಡಿದೆ. ಯಾರು ಮಾಡಿ ಅಂದಿದ್ದು ಎಂದೆ. ಮೂರು ವರ್ಷದ ಕೆಲಸವನ್ನು ಒಂದು ಸಂಜೆಗೆ ಹಾಳುಮಾಡಿದಿರಿ ಎಂದೆ. ನಿಮಗೆ ತಿನ್ನೋದಕ್ಕೆ ಬೇಕಿತ್ತು, ನನ್ನ ಹೆಸರು ಹೇಳಿಕೊಂಡಿರಿ ಎಂದು ಅದನ್ನೂ ಅಂದೆ. ಈ ಕೊನೆಯ ಮಾತು ಬಾಯಿಂದ ಹೊರಬೀಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಲಿಂಗಮ್ಮ ಮೊರವನ್ನು ನೆಲದ ಮೇಲಿಟ್ಟರು. "ನೀವು ಹುಳ ಹುಳ ಅಂದ್ರಿ, ನಾವು ಹುಳ ಎಬ್ಬಿಸಿದ್ವಿ. ಮಳೆ ಬೇಕು ಅಂತ ಒಂದ್ ಮಾತು ಹೇಳಿದ್ರೆ ಕಾಯ್ತಿರ್ಲಿಲ್ವಾ? ಮಳೆ ಕಾಯೋದು ನಮ್ಗೇನು ಹೊಸ್ದಾ ಮೇಡಮ್ಮ?"

ಅಲ್ಲಿಯವರೆಗೆ ಅವರು ನನ್ನನ್ನು ಅವ್ವ ಎನ್ನುತ್ತಿದ್ದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇನ್ಮೇಲೆ ಆ ಹುತ್ತದ ಹತ್ರ ನೀವೂ ಹೋಗ್ಬೇಡಿ, ಇನ್ನೊಬ್ರನ್ನೂ ಬಿಡ್ಬೇಡಿ. ಮಾಡಿದ್ದು ಸಾಕು" ಎಂದು ಸ್ಕೂಟರ್ ಹತ್ತಿದೆ. ಅವರಿಗೆಂದು ತಂದಿದ್ದ ಮೈಸೂರುಪಾಕಿನ ಪೊಟ್ಟಣ ಸೀಟಿನ ಕೆಳಗೇ ಉಳಿದು ಎರಡು ದಿನಕ್ಕೆ ಕರಗಿಹೋಯಿತು.

ರಾಜಶೇಖರ್ ಸರ್‌ಗೆ ಫೋನ್ ಮಾಡಿ "ಪಂಚನಹಳ್ಳಿಯದು ಸೇರಿಸಬೇಡಿ ಸರ್. ಊರವರು ಕೆಡಿಸಿಬಿಟ್ಟರು" ಎಂದೆ. ಪೂರ್ತಿ ಕೇಳಿಸಿಕೊಂಡು ಅವರು ಎರಡು ಸಲ ಕೆಮ್ಮಿದರು. ನಗು ತಡೆಯುತ್ತಿದ್ದಾರೆ ಎಂದು ನನಗೆ ಅನುಮಾನ. ಆಮೇಲೆ ಅವರು ಹೇಳಿದ ಮಾತಿನಿಂದ ನನಗೆ ಮತ್ತೆ ಜೀವ ಬಂತು. ಒಂದು ಹುತ್ತ ತನ್ನಲ್ಲಿರುವ ರೆಕ್ಕೆಹುಳುಗಳನ್ನೆಲ್ಲ ಒಂದೇ ಸಲಕ್ಕೆ ಕಳಿಸುವುದಿಲ್ಲ, ಮೋಸದ ಮಳೆಗೆ ಕೆಲವು ಎದ್ದಿರಬಹುದು, ಒಳಗೆ ಇನ್ನೂ ಇರುತ್ತವೆ, ನಿಜವಾದ ಮಳೆ ಬಂದಾಗ ಏಳುತ್ತವೆ. ನಡೆದದ್ದನ್ನು ನಡೆದ ಹಾಗೇ ಬರೆದು ಆ ಲೆಕ್ಕ ಕೊಟ್ಟರೆ ಪರೀಕ್ಷಕರು ಒಪ್ಪುತ್ತಾರೆ. "ಆದ್ರೆ ಆ ಹೊತ್ತು ತಪ್ಪಿಸ್ಕೋಬೇಡಿ ಕೋಮಲಾ. ಅದು ಕೊನೇ ಚಾನ್ಸು" ಎಂದರು.

ಅಲ್ಲಿಂದ ನನ್ನ ಕಾವಲು ಶುರುವಾಯಿತು. ಕಾಲೇಜು ಮುಗಿದೊಡನೆ ಪಂಚನಹಳ್ಳಿ. ಕರಿಯಣ್ಣನವರ ಮನೆಯ ಮುಂದೆ ಹೋಗದೆ ಹಿಂದಿನ ಬಂಡಿದಾರಿಯಲ್ಲಿ ಸುತ್ತು ಹಾಕಿ ಬೇಲಿಯಾಚೆ ಹುತ್ತದ ಪಕ್ಕ ಕೂರುತ್ತಿದ್ದೆ. ಮನೆಯವರು ತೋಟದ ಕೆಲಸಕ್ಕೆ ಬಂದರೆ ದೂರದಿಂದಲೇ ನನ್ನನ್ನು ನೋಡಿ ಬೇರೆ ಸಾಲಿಗೆ ಸರಿದುಬಿಡುತ್ತಿದ್ದರು. ಒಮ್ಮೆ ಎಮ್ಮೆ ಇತ್ತ ನುಗ್ಗಿದಾಗ ಲಿಂಗಮ್ಮ ಬೇಲಿಯವರೆಗೆ ಓಡಿಬಂದರು, ಗೆರೆ ಎಳೆದ ಹಾಗೆ ಅಲ್ಲೇ ನಿಂತು ಅಲ್ಲಿಂದಲೇ ಕಲ್ಲು ಎಸೆದು ಅದನ್ನು ಅಟ್ಟಿದರು. ಎದ್ದು ಹೋಗಿ ಎರಡು ಮಾತು ಆಡಬೇಕಿತ್ತು. ತಪ್ಪಾಯಿತು ಎನ್ನಲು ನನಗೆ ನಾಚಿಕೆ. ವಯಸ್ಸಾದ ಹೆಂಗಸಿಗೆ ತಿನ್ನುವ ಆಸೆಗೆ ಮಾಡಿದಿರಿ ಎಂದವಳು ನಾನು; ಯಾವ ಮುಖ ಹೊತ್ತು ಹೋಗಲಿ? ಮಳೆ ಬರಲಿ, ಕೆಲಸ ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಕೂತು ಮಾತಾಡೋಣ ಎಂದುಕೊಂಡೆ. ಆ ಹುತ್ತದ ಪಕ್ಕ ಕೂತಷ್ಟು ದಿನವೂ ನನ್ನ ಬೆನ್ನು ಅವರ ಮನೆಯ ಕಡೆಗೇ ಇರುತ್ತಿತ್ತು.

ಅಷ್ಟರಲ್ಲಿ ಒಂದು ದಿನ ಹೆಬ್ಬೆಯ ತೀರ್ಥಪ್ಪನವರ ಫೋನ್. "ಮೇಡಂ, ಗುಡ್ಡದ ಮೇಲೆ ಕಪ್ಪು ಕಟ್ಟೈತೆ ಕಣ್ರೀ. ಇವತ್ತು ಗ್ಯಾರಂಟಿ ಹೊಡೀತದೆ. ಆದ್ರೆ ನಾನು ಆಸ್ಪತ್ರೆಗೆ ತರೀಕೆರೆಗೆ ಬಂದೀನಿ, ನೀವೇ ಬರ್ಬೇಕು."

ಪಂಚನಹಳ್ಳಿಗೆ ಹೊರಟವಳು ಸ್ಕೂಟರಿನ ಮೇಲೆ ಕೂತೇ ನಕ್ಷೆ ತೆರೆದೆ. ಹೆಬ್ಬೆಯ ಮೇಲೆ ದಟ್ಟ ಕೆಂಪು. ಪಂಚನಹಳ್ಳಿಯ ಮೇಲೆ ಒಂದು ಚುಕ್ಕೆಯೂ ಇಲ್ಲ, ಮರುದಿನಕ್ಕೂ ಇಲ್ಲ. ಈ ವರ್ಷದ ಹೆಬ್ಬೆಯ ಲೆಕ್ಕವಿಲ್ಲದೆ ಈ ವರ್ಷದ ಪಂಚನಹಳ್ಳಿಯ ಲೆಕ್ಕವನ್ನು ಯಾವುದರ ಪಕ್ಕ ಇಡಲಿ? ಎರಡೂ ಬೇಕು, ಇರುವುದು ಒಬ್ಬಳೇ ನಾನು. ಲಿಂಗಮ್ಮನಿಗೆ ಫೋನ್ ಮಾಡಿ, ಇವತ್ತೊಂದು ಸಂಜೆ ಹುತ್ತದ ಕಡೆ ಕಣ್ಣಿಡಿ, ಮಳೆ ಬಂದು ಹುಳ ಎದ್ದರೆ ಹೊತ್ತು ನೋಡಿಕೊಳ್ಳಿ ಎಂದು ಹೇಳಬೇಕೆನಿಸಿತು. ಹೆಸರು ತೆರೆದೆ. ಒತ್ತಲು ಬೆರಳು ಬರಲಿಲ್ಲ. ಅಷ್ಟೆಲ್ಲ ಅಂದು ಈಗ ಕೆಲಸಕ್ಕೆ ಬೇಕಾದಾಗ ಲಿಂಗಮ್ಮ ಎನ್ನುವುದೇ? ನಕ್ಷೆಯಲ್ಲಿ ಮಳೆಯೇ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮೊಬೈಲನ್ನು ಚೀಲಕ್ಕೆ ಹಾಕಿದೆ. ಸ್ಕೂಟರನ್ನು ಬೀರೂರಿನ ಕಡೆ ತಿರುಗಿಸಿದೆ.

ಹೆಬ್ಬೆ ತಪ್ಪಲಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಕಪ್ಪು ಮೋಡ ತಲೆಯ ಮೇಲೇ ಇತ್ತು. ಗಾಳಿ ಬಂತು, ನಾಲ್ಕು ಹನಿ ಬಂತು, ಹುತ್ತದ ಮೇಲ್ಮಣ್ಣೂ ನೆನೆಯಲಿಲ್ಲ. ನಾನು ಅತ್ತ ಇತ್ತ ತಿರುಗಾಡಿದೆ, ಒಂದು ಕಲ್ಲಿನ ಮೇಲೆ ಕೂತೆ, ಎದ್ದೆ. ಮೋಡ ನೋಡುನೋಡುತ್ತ ಪೂರ್ವಕ್ಕೆ ಜಾರಿ ಹೋಯಿತು. ಪೂರ್ವಕ್ಕೆ ಎಂದರೆ ನಾನು ಬಿಟ್ಟುಬಂದ ಕಡೆಗೆ.

ಕೆಳಗಿಳಿದು ಲಿಂಗದಹಳ್ಳಿ ಮುಟ್ಟುವಷ್ಟರಲ್ಲಿ ಚೀಲದೊಳಗೆ ಮೊಬೈಲ್ ಟಿಣ್ ಟಿಣ್ ಎಂದು ಒಂದೇ ಸಮನೆ ಬಡಿದುಕೊಂಡಿತು. ಎಲ್ಲವೂ ಲಿಂಗಮ್ಮನ ಮಿಸ್ಡ್ ಕಾಲ್‌ಗಳು. ಒಂದಾದ ಮೇಲೊಂದು, ಉಸಿರು ಬಿಡದೆ ಮಾಡಿದ ಹಾಗೆ. ತಿರುಗಿ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ. ಮತ್ತೆ ಮಾಡಿದೆ, ಮತ್ತೆ ಅದೇ ದನಿ. ಆ ಕಡೆ ಗಾಳಿಮಳೆ ಹೊಡೆದರೆ ಕರೆಂಟ್ ಹೋಗುತ್ತದೆ, ಟವರ್ ಸಾಯುತ್ತದೆ. ಬೀರೂರು ಬಂದಾಗ ರಸ್ತೆ ಒಣಗಿಯೇ ಇತ್ತು. ನನಗಿದ್ದ ಆಸೆಯೆಲ್ಲ ಅದೊಂದೇ. ಕಡೂರು ದಾಟಿದ ಮೇಲೆ ರಸ್ತೆ ಹೊಳೆಯತೊಡಗಿತು. ಸಿಂಗಟಗೆರೆಯಲ್ಲಿ ಚರಂಡಿ ತುಂಬಿ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಸ್ಕೂಟರಿನ ದೀಪಕ್ಕೆ ಈಸಲು ಮುತ್ತಿ, ಹೆಲ್ಮೆಟ್ಟಿನ ಗಾಜಿಗೆ ರೆಕ್ಕೆಗಳು ಅಂಟಿಕೊಂಡು ದಾರಿ ಕಾಣಲಿಲ್ಲ. ಅಳುತ್ತಲೇ ಓಡಿಸಿದೆ. ಅವರು ನೋಡಿರುತ್ತಾರೆ, ಅಷ್ಟು ಸಲ ಫೋನ್ ಮಾಡಿದ್ದಾರಲ್ಲ, ಹೊತ್ತು ಹೇಳಲೆಂದೇ ಮಾಡಿರುತ್ತಾರೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ.

ಪಂಚನಹಳ್ಳಿಯಲ್ಲಿ ಕರೆಂಟ್ ಇರಲಿಲ್ಲ. ಆಗಲೇ ಪೂರ್ತಿ ಕತ್ತಲಾಗಿತ್ತು. ಸ್ಕೂಟರಿನ ಸದ್ದಿಗೆ ಲಿಂಗಮ್ಮ ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ಓಡಿಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಮೇಡಮ್ಮ, ಮಳೆ ಬಂತು. ಈ ಸಲ ನಾವು ಏನೂ ಮಾಡಿಲ್ಲ. ಆಣೆ ಮಾಡಿ ಹೇಳ್ತೀನಿ, ಏನೂ ಮಾಡಿಲ್ಲ."

"ಹುಳ ಎದ್ವಾ ಲಿಂಗಮ್ಮ? ನಮ್ ಹುತ್ತದಲ್ಲಿ? ಎಷ್ಟೊತ್ತಿಗೆ?"

"ಊರೆಲ್ಲ ಎದ್ದವೆ. ಅದ್ರಾಗೆ ಎದ್ವೋ ಇಲ್ವೋ ಗೊತ್ತಿಲ್ಲ. ಹೋಗಿ ನೋಡಾಣ್ವಾ ಅಂತ ಕೇಳಾಕೇ ನಿಮ್ಗೆ ಫೋನ್ ಮಾಡಿದ್ದು. ಒಂದೇ ಸಮ ಮಾಡಿದ್ವಿ. ನೀವು ಎತ್ಲಿಲ್ಲ. ಅದ್ಕೆ ಹೋಗ್ಲಿಲ್ಲ. ಹೋಗ್ಬ್ಯಾಡಿ ಅಂದಿದ್ರಲ್ಲ."

ಹೆಲ್ಮೆಟ್ ತೆಗೆದೆ. ಅವರು ನನ್ನ ಮುಖ ನೋಡಿ ಹೆದರಿ ಇನ್ನಷ್ಟು ಹೇಳತೊಡಗಿದರು. ಈಸಲು ಹಿಡಿಯಲು ಕೇರಿಯ ಮಕ್ಕಳೆಲ್ಲ ಪಾತ್ರೆ ಹಿಡಿದು ಬಂದವಂತೆ, ಒಬ್ಬರನ್ನೂ ಬಿಡಲಿಲ್ಲವಂತೆ. ನಾದಿನಿ ಕಾಮಾಕ್ಷಮ್ಮ ಬಂದು, ಮಳೆ ಬಂದ ದಿನ ಹುತ್ತಕ್ಕೆ ಯಾರಾದರೂ ಅಡ್ಡ ನಿಲ್ಲುತ್ತಾರಾ ಎಂದು ಜಗಳ ಆಡಿ ಮಾತು ಬಿಟ್ಟು ಹೋದಳಂತೆ. "ಹೋದ್ರೆ ಹೋಗ್ಲಿ ಅಂದೆ. ಇವ್ರು ಇನ್ನೂ ಅಲ್ಲೇ ಕುಂತವ್ರೆ, ನೋಡ್ಬನ್ನಿ" ಎಂದರು.

ಮೊಬೈಲ್ ಬೆಳಕು ಹಿಡಿದು ತೋಟಕ್ಕೆ ನುಗ್ಗಿದೆ. ಬೇಲಿಯ ಸಂದಿನಲ್ಲಿ ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಕರಿಯಣ್ಣ ಕೂತಿದ್ದರು, ಕೈಯಲ್ಲಿ ಕೋಲು. ಮುಖ ಮನೆಯ ಕಡೆಗೆ, ಬೆನ್ನು ಹುತ್ತದ ಕಡೆಗೆ. ಚೀಲದಿಂದ ನೀರು ಇಳಿಯುತ್ತಿತ್ತು. ಚಳಿಗೆ ಅವರ ಗದ್ದ ನಡುಗುತ್ತಿತ್ತು.

"ಒಂದ್ ನರಪಿಳ್ಳೆನೂ ಒಳಕ್ಕೆ ಬಿಟ್ಟಿಲ್ಲ ಮೇಡಮ್ಮ. ಅದ್ರ ಮ್ಯಾಲೆ ಬಿದ್ದಿದ್ದು ಆಕಾಶದ ನೀರೇ, ಬ್ಯಾರೆ ಒಂದ್ ತೊಟ್ಟಿಲ್ಲ."

"ನೀವೇನಾದ್ರೂ ನೋಡಿದ್ರಾ ಕರಿಯಣ್ಣ? ಎದ್ದಿದ್ದು?"

"ನಾನು ಆ ಕಡೆ ತಿರುಗ್ಲೇ ಇಲ್ಲ. ನೋಡಿದ್ರೆ ಮತ್ತೇನ್ ಕೆಡ್ತದೋ ಅಂತ."

ಅವರನ್ನು ದಾಟಿ ಹೋಗಿ ಹುತ್ತದ ಮುಂದೆ ಕುಕ್ಕರಿಸಿದೆ. ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕರಗಿ ಕೆಳಗೆ ಇಳಿದು ಎಲ್ಲ ಬಾಯಿಗಳೂ ಮುಚ್ಚಿಹೋಗಿದ್ದವು. ಸುತ್ತ ನಿಂತ ನೀರಿನಲ್ಲಿ ರೆಕ್ಕೆಗಳು ತೇಲುತ್ತಿದ್ದವು, ಲೆಕ್ಕವಿಲ್ಲದಷ್ಟು. ಈ ಹುತ್ತದವೋ, ಪಕ್ಕದ ಹೊಲದವೋ, ಗಾಳಿ ಎಲ್ಲಿಂದಲೋ ತಂದವೋ ಹೇಳುವ ವಿದ್ಯೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಎದ್ದಿರಬಹುದು, ಏಳದೆಯೂ ಇರಬಹುದು. ಎದ್ದ ಹೊತ್ತು ಮಾತ್ರ ಹೋಯಿತು. ತಾರಸಿಯ ಮೇಲಿನ ಮಳೆಮಾಪಕ ಮಳೆ ಶುರುವಾದ ಗಳಿಗೆಯನ್ನು ತಪ್ಪಿಲ್ಲದೆ ಹಿಡಿದಿಟ್ಟಿರುತ್ತದೆ, ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಕೂಗಬೇಕು ಎನಿಸಿತು. ಯಾರ ಮೇಲೆ ಕೂಗುವುದು? ಮಳೆ ಬಂದಿತ್ತು. ಹುಳಗಳು ಬಹುಶಃ ಎದ್ದಿದ್ದವು. ಕಾಯುವವರು ನಾನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದರು. ಕೈಗೆ ಅಂಟಿದ ಕೆಸರು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ, ಮೇಲೆ ಮತ್ತೆ ಹನಿ ಶುರುವಾಗಿದ್ದೂ ಗೊತ್ತಾಗಲಿಲ್ಲ.

ಲಿಂಗಮ್ಮ ಛತ್ರಿ ಹಿಡಿದು ಬಂದವರು ಬೇಲಿಯ ಹತ್ತಿರವೇ ನಿಂತರು. ನಾನು ಕರೆಯದೆ ಅವರು ಆ ಸಂದು ದಾಟುವಂತಿರಲಿಲ್ಲ. "ಬನ್ನಿ ಲಿಂಗಮ್ಮ" ಎಂದೆ. ಆಗಲೇ ಬಂದರು. ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದು, ತಾವು ನೆನೆಯುತ್ತ, ಹುತ್ತವನ್ನೂ ನನ್ನನ್ನೂ ನೋಡಿದರು.

"ಈ ಸಲ ಸರಿ ಮಾಡಿದ್ವಾ ಮೇಡಮ್ಮ?"

ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು. ಮೌಖಿಕ ಪರೀಕ್ಷೆಗೆ ಬಂದ ಹುಡುಗಿಯರ ಕಣ್ಣಿನಲ್ಲಿ ಅದನ್ನು ನೋಡಿದ್ದೇನೆ, ನೋಡಿ ಒಳಗೇ ಸಂತೋಷಪಟ್ಟಿದ್ದೇನೆ ಕೂಡ. ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಕಣ್ಣಿನಲ್ಲಿ ಅದನ್ನು ಇಟ್ಟವಳು ನಾನು.

"ಸರಿಯಾಗಿ ಮಾಡಿದ್ರಿ ಲಿಂಗಮ್ಮ" ಎಂದೆ. "ನಾನು ಹೇಳಿದ ಹಾಗೇ ಮಾಡಿದ್ರಿ."

ಲಿಂಗಮ್ಮ ಹೋದ ಉಸಿರು ಬಂದವರಂತೆ ನಕ್ಕರು. ಬೇಲಿಯ ಸಂದಿನಿಂದ ಕರಿಯಣ್ಣ ಕೋಲು ಊರಿಕೊಂಡು ಎದ್ದರು, ಮರಗಟ್ಟಿದ ಕಾಲನ್ನು ಒದರಿಕೊಂಡರು. "ಕೆಲ್ಸ ತಿಳ್ಕಂಡ್ವಿ ಬಿಡಿ ಇನ್ನ. ಬರೋ ವರ್ಷಾನೂ ಹಿಂಗೇ ಕಾಯ್ತೀವಿ, ಯಾರ್ನೂ ಹತ್ರ ಸೇರ್ಸಕಿಲ್ಲ" ಎಂದರು.

ಬರುವ ವರ್ಷ ಇಲ್ಲವೆಂದು ಅವರಿಗೆ ಹೇಳಲಿಲ್ಲ. ಆಗಲಿ ಕರಿಯಣ್ಣ ಎಂದೆ.